ಅಜ್ಜನ ಮಳೆ ಪುಸ್ತಕ, ನಮ್ಮ ಕೌಂಟರ್ ಟೇಬಲ್

ಮೂರ್ನಾಡಿನ ನಮ್ಮ ಮನೆಯಲ್ಲಿ ಮಳೆಗೂ ಲೆಕ್ಕ ಉಂಟು. ದಿನಾ ಬೆಳಗ್ಗೆ ಅಜ್ಜ ಮಳೆಮಾಪಕ ನೋಡಿ ಇಂಚು, ಸೆಂಟ್ ಅಂತ ಪುಸ್ತಕದಲ್ಲಿ ಬರೀತಾರೆ. ನೂರು ಸೆಂಟ್ ಅಂದ್ರೆ ಒಂದಿಂಚು. ಕಳೆದ ರಜೆಯಲ್ಲಿ ನಾವು, ಅಂದ್ರೆ ನಾನು ಮತ್ತು ತಂಗಿ, ಇದಕ್ಕೊಂದು ಆ್ಯಪ್ ಮಾಡಿದೆವು. "ಇನ್ನು ಪುಸ್ತಕ ಬೇಡ ಅಜ್ಜ" ಅಂದೆವು. ಅವರು ಕೇಳಲಿಲ್ಲ.

ಕಸಾಂಡ್ರಾ ಡೇಟಾಬೇಸಿನಲ್ಲಿ ಕೌಂಟರ್ ಟೇಬಲ್ ಇಟ್ಟಿದ್ದೆವು. ಅದರಲ್ಲಿ ಕೀ ಬಿಟ್ಟರೆ ಕೌಂಟರ್‌ಗೆ ಮಾತ್ರ ಜಾಗ. ತಿಂಗಳಿಗೊಂದು ಸಾಲು, ಬಿದ್ದಷ್ಟು ಸೆಂಟ್ ಕೂಡಿಸ್ತಾ ಹೋಗೋದು.

ಜುಲೈಯಲ್ಲಿ ಒಂದು ದಿನ ನೆಟ್‌ವರ್ಕ್ ಕೈಕೊಟ್ಟಿತು. ಅಂದಿನ 225 ಸೆಂಟ್ ಸರ್ವರಿಗೆ ತಲುಪಿತ್ತು, ಉತ್ತರ ಮಾತ್ರ ನಮಗೆ ಬರಲಿಲ್ಲ. ಟೈಮ್‌ಔಟ್ ಅಂದುಕೊಂಡು ನಮ್ಮ ಕೋಡ್ ಮತ್ತೆ ಕಳಿಸಿತು. ಕೌಂಟರ್ ಮತ್ತೆ ಕೂಡಿಸಿತು. ತಿಂಗಳ ಕೊನೆಗೆ ಅಜ್ಜನಿಗಿಂತ ನಮ್ಮ ಮಳೆ ಎರಡೂಕಾಲು ಇಂಚು ಜಾಸ್ತಿ!

"ಯಾವ ದಿನದ್ದು ತಪ್ಪಿದೆ ಮಕ್ಕಳೇ?" ಅಂದ್ರು ಅಜ್ಜ. ನಾವು ಸುಮ್ಮನಾದೆವು. ಕೌಂಟರ್‌ಗೆ ಮೊತ್ತ ಗೊತ್ತು, ದಿನ ಗೊತ್ತಿಲ್ಲ. ಅವರೇ ಪುಸ್ತಕದ ಮೇಲೆ ಬೆರಳಾಡಿಸಿ ಹುಡುಕಿದ್ರು. 2.25 ಅಂತ ಬರೆದ ಸಾಲು ಒಂದೇ ಇತ್ತು.

ಈಗ ಮಾಮೂಲಿ ಟೇಬಲ್. ದಿನಾಂಕವೂ ಕೀಯಲ್ಲೇ ಇದೆ. ಒಂದು ದಿನದ ಮಳೆಯನ್ನು ಹತ್ತು ಸಲ ಕಳಿಸಿದರೂ ಅದೇ ಸಾಲಿನಲ್ಲಿ ಅದೇ ಅಂಕಿ ಕೂರುತ್ತದೆ. ವರ್ಷಕ್ಕೆ ಹೆಚ್ಚೆಂದರೆ 366 ಸಾಲು, ಬೇಕಾದಾಗ ಕೂಡಿಸಿದರಾಯ್ತು. ಆ್ಯಪನ್ನು ಎಷ್ಟು ಸಲ ತೆರೆದರು ಅನ್ನೋ ಲೆಕ್ಕ ಒಂದೆರಡು ಆಚೀಚೆ ಆದರೂ ನಡೀತದೆ. ಕೌಂಟರ್ ಅಲ್ಲಿಗೆ ಹೋಯಿತು.

ಪುಸ್ತಕ ಮೊಳೆಯಲ್ಲೇ ನೇತಾಡ್ತಿದೆ. ಅದು ಬೇಡ ಅಂತ ನಾವು ಮತ್ತೆ ಹೇಳಿಲ್ಲ.