ಪಶ್ಚಿಮವಾಹಿನಿಯಲ್ಲಿ ಅಜ್ಜಿಯ ಹೆಸರು

ರಜೆ ಬೇಕಾದಾಗ ಅಜ್ಜಿಯನ್ನು ಸಾಯಿಸುವುದು ನಮ್ಮಲ್ಲಿ ಬಹಳ ಹಳೆಯ ವಿದ್ಯೆ. ಒಬ್ಬ ಹುಡುಗ ಹೈಸ್ಕೂಲು ದಾಟುವುದರೊಳಗೆ ನಾಲ್ಕು ಜನ ಅಜ್ಜಿಯರನ್ನು ಕಳೆದುಕೊಂಡರೂ ಮೇಷ್ಟ್ರು ಲೆಕ್ಕ ಕೇಳದೆ ನಕ್ಕು ಸುಮ್ಮನಾಗುತ್ತಾರೆ. ಅದೇ ಸುಳ್ಳನ್ನು ಅಪ್ಪನ ಮೇಲೆ ಹೇಳಲು ಯಾರಿಗೂ ನಾಲಗೆ ಏಳುವುದಿಲ್ಲ. ಅಜ್ಜಿಯ ಸಾವಿಗೆ ನಾವು ಕಟ್ಟಿರುವ ಬೆಲೆ ಈ ತಮಾಷೆಯಲ್ಲೇ ಗೊತ್ತಾಗುತ್ತದೆ. ಆಕೆ ನಿಜವಾಗಿ ಹೋದಾಗಲೂ ಬಂದವರೆಲ್ಲ ಆಡುವುದು ಒಂದೇ ಮಾತು: ತುಂಬು ಬಾಳು ಬಾಳಿದ ಜೀವ, ಅಳಬಾರದು. ಹಳೇ ಮೈಸೂರಿನ ಹಳ್ಳಿಗಳಲ್ಲಿ ತಮಟೆ ಬಡಿಸಿ, ದಾರಿಯುದ್ದಕ್ಕೂ ಪುರಿ, ಚಿಲ್ಲರೆ ಕಾಸು ಎರಚಿ ಕಳಿಸಿಕೊಡುತ್ತಾರೆ. 2015ರ ‘ತಿಥಿ’ ಸಿನಿಮಾದಲ್ಲಿ ಮಂಡ್ಯ ಸೀಮೆಯ ಸೆಂಚುರಿ ಗೌಡ ನೂರೊಂದನೇ ವಯಸ್ಸಿಗೆ ಸತ್ತ ಮೇಲೆ ಹನ್ನೊಂದು ದಿನ ಊರೆಲ್ಲ ಓಡಾಡುತ್ತದೆ, ಅಳುವವರು ಮಾತ್ರ ಕಡಿಮೆ. ಶಾಸ್ತ್ರವೂ ಜಿಪುಣತನ ತೋರಿಸಿದೆ. ಮಗನ ಮಕ್ಕಳಿಗೆ ಹತ್ತು ದಿನದ ಸೂತಕವಾದರೆ ಮಗಳ ಮಕ್ಕಳಿಗೆ ಮೂರೇ ದಿನ. ಹೀಗಿರುವಾಗ ಮೊಮ್ಮಕ್ಕಳು ತಮ್ಮ ದುಃಖವನ್ನು ಎಲ್ಲಿಗೆ ಒಯ್ಯಬೇಕು? ಶ್ರೀರಂಗಪಟ್ಟಣಕ್ಕೆ ಎನ್ನುತ್ತೇನೆ. ಅಲ್ಲಿ ಸಮಾಧಾನ ಸಿಗುತ್ತದೋ ಇಲ್ಲವೋ, ಒಂದು ಪ್ರಶ್ನೆಯಂತೂ ಕೇಳುತ್ತಾರೆ.

ಕೊಡಗಿನಲ್ಲಿ ಹುಟ್ಟಿ ಪೂರ್ವದ ಕಡಲಿಗೆ ಹೊರಟ ಕಾವೇರಿಯ ಒಂದು ಸೀಳು ಈ ಊರಿನ ಬಳಿ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗುತ್ತದೆ. ಆ ಸಣ್ಣ ತಿರುವಿನಿಂದಲೇ ಪಶ್ಚಿಮವಾಹಿನಿ ಎಂಬ ಹೆಸರೂ ಬಂತು, ಪುಣ್ಯವೂ ಬಂತು. ಮೈಸೂರು ಅರಸರ ಮನೆತನದವರ ಅಸ್ಥಿಯನ್ನು ಬಿಡುವುದು ಇಲ್ಲಿ; 1948ರಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಪಾಲನ್ನು ಬಿಟ್ಟದ್ದೂ ಇಲ್ಲೇ. ಪ್ರವಾಸಿಗಳು ಟಿಪ್ಪು ಮಡಿದ ಜಾಗ, ರಂಗನಾಥನ ಗುಡಿ ನೋಡಿಕೊಂಡು ಮೈಸೂರಿನ ಬಸ್ಸು ಹತ್ತುತ್ತಾರೆ. ಪಶ್ಚಿಮವಾಹಿನಿಯ ಮೆಟ್ಟಿಲಿಗೆ ಬರುವವರ ಕೈಯಲ್ಲಿ ಬಟ್ಟೆ ಸುತ್ತಿದ ಪುಟ್ಟ ಮಡಕೆ ಇರುತ್ತದೆ. ದಂಡೆಯ ಮೇಲೆ ಕ್ಷೌರದವರು, ದರ್ಭೆ, ಎಳ್ಳು, ಬಾಳೆಲೆ, ಕೆಳಗೆ ನೀರು. ಎಷ್ಟು ನೀರು ಎನ್ನುವುದು ಕನ್ನಂಬಾಡಿ ಕಟ್ಟೆಯವರ ಕೈಲಿದೆ. ಮಳೆಗಾಲದಲ್ಲಿ ಗೇಟು ತೆರೆದು ಹೊಳೆ ಉಕ್ಕಿದರೆ ಮೆಟ್ಟಿಲೇ ಮುಳುಗಿ, ಪಿಂಡ ಹಾಕುವುದನ್ನೂ ನಿಲ್ಲಿಸಬೇಕಾಗುತ್ತದೆ.

ದಂಡೆಯಲ್ಲಿ ಕೂತ ಪುರೋಹಿತರು ಮೊದಲು ಕೇಳುವುದು ಗೋತ್ರ, ಆಮೇಲೆ ಹೆಸರು. ಗೋತ್ರವನ್ನು ಜನ ಹೇಗೋ ಹೇಳಿಬಿಡುತ್ತಾರೆ. ತಡವರಿಸುವುದು ಹೆಸರಿಗೆ. ಮಹಾಲಯದ ತರ್ಪಣಕ್ಕಂತೂ ಪಿತಾಮಹಿ, ಪ್ರಪಿತಾಮಹಿ, ಮಾತಾಮಹಿ ಎಂದು ಒಬ್ಬೊಬ್ಬ ಅಜ್ಜಿಯನ್ನೂ ಹೆಸರು ಹಿಡಿದು ಕರೆಯಬೇಕು. ಅಜ್ಜ, ಮುತ್ತಜ್ಜರ ಹೆಸರು ಪಹಣಿಯಲ್ಲಾದರೂ ಇರುತ್ತದೆ. ಅಜ್ಜಿ ಬರೀ ಅಜ್ಜಿ. ಆಗ ಒದ್ದೆ ಪಂಚೆಯಲ್ಲೇ ಮೊಬೈಲು ಹಿಡಿದು, ‘ಅತ್ತೆ, ಅಜ್ಜಿ ನಿಜವಾದ ಹೆಸರೇನು?’ ಎಂದು ಕೇಳುವ ಸರದಿ. ಆ ಕಡೆಯಿಂದ ಸಾಮಾನ್ಯವಾಗಿ ಒಂದು ಹೆಸರು ಬರುವುದಿಲ್ಲ. ತವರಿನಲ್ಲಿ ಒಂದು, ಧಾರೆಯಾದ ಮೇಲೆ ಗಂಡನ ಮನೆಯವರು ಇಟ್ಟದ್ದು ಇನ್ನೊಂದು, ರೇಷನ್ ಕಾರ್ಡಿನಲ್ಲಿ ಮತ್ತೊಂದು. ಯಾವುದನ್ನು ಹೇಳುವುದು ಎಂಬ ತಕರಾರಿನಲ್ಲಿ ಅವಳ ತವರೂರು, ಅಣ್ಣತಮ್ಮಂದಿರು, ಅವಳನ್ನು ಯಾರು ಏನೆಂದು ಕರೆಯುತ್ತಿದ್ದರು ಎಂಬುದೆಲ್ಲ ಹೊರಗೆ ಬರುತ್ತದೆ. ನನ್ನ ವಾದವಿರುವುದು ಇಲ್ಲಿ. ಅಜ್ಜಿ ಸತ್ತ ದುಃಖಕ್ಕೆ ಹಿಡಿಯಲು ಹಿಡಿಕೆ ಇರುವುದಿಲ್ಲ; ಸುತ್ತಲಿನವರು ಅದನ್ನು ದುಃಖ ಎಂದೇ ಒಪ್ಪುವುದಿಲ್ಲ. ಹೆಸರು ಹುಡುಕುವ ಕೆಲಸ ಆ ಹಿಡಿಕೆ ಕೊಡುತ್ತದೆ. ಮಡಿಲು, ಕತೆ, ಕೋಡುಬಳೆ ಆಗಿದ್ದವಳು ಆ ಗಳಿಗೆಯಲ್ಲಿ ಒಂದು ಊರಿನಲ್ಲಿ ಹುಟ್ಟಿ ಬೆಳೆದ ಒಬ್ಬ ಹೆಂಗಸಾಗುತ್ತಾಳೆ. ಯಾರಿಗಾಗಿ ಅಳಬೇಕು ಎನ್ನುವುದು ಗೊತ್ತಾದ ಮೇಲೆ ಅಳುವುದೂ ಸುಲಭ.

ತುಂಬು ಬಾಳಿನ ಮಾತನ್ನು ತಳ್ಳಿಹಾಕುವಂತಿಲ್ಲ, ಅದು ನಿಜ. ಆದರೆ ತುಂಬಿದ್ದು ಅವಳ ಬಾಳು. ಮನೆಯ ಯಜಮಾನನಾದ ಅಪ್ಪನನ್ನು ‘ಏನ್ಲಾ’ ಎಂದು ಗದರಿಸಬಲ್ಲ ಕೊನೆಯ ಬಾಯಿ ಅವಳದು. ಅದು ಮುಚ್ಚಿದ ದಿನ ಅಪ್ಪನ ಬಾಲ್ಯಕ್ಕೆ ಸಾಕ್ಷಿಯೇ ಇಲ್ಲವಾಗುತ್ತದೆ. ತೊಂಬತ್ತು ವರ್ಷ ತುಂಬಿತ್ತು ಎಂದಮಾತ್ರಕ್ಕೆ ಈ ನಷ್ಟ ತೊಂಬತ್ತು ಭಾಗ ಕಡಿಮೆಯಾಗುವುದಿಲ್ಲ. ದಂಡೆಯಲ್ಲಿ ಎಲ್ಲವೂ ವ್ಯಾಪಾರ ಎನ್ನುವವರಿದ್ದಾರೆ. ಹೌದು, ಚೌಕಾಸಿಯೂ ನಡೆಯುತ್ತದೆ. ಮದುವೆ ಛತ್ರದಲ್ಲಿ ನಡೆಯುವುದಕ್ಕಿಂತ ಹೆಚ್ಚೇನಲ್ಲ. ಹೊಳೆ ಕೆಡುತ್ತದೆ ಎಂಬ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ, ಒಪ್ಪಿಗೆ ಇದೆ. ಮಡಕೆಯಷ್ಟು ಬೂದಿಯ ಹಿಂದೆ ಸತ್ತವರ ಸೀರೆ, ಹೊದಿಕೆ, ಪ್ಲಾಸ್ಟಿಕ್ ಚೀಲವನ್ನೂ ನೀರಿಗೆ ಎಸೆದು ಬರುವುದನ್ನು ಯಾವ ಶಾಸ್ತ್ರವೂ ಹೇಳಿಲ್ಲ. ಉಟ್ಟ ಸೀರೆ ಎಸೆಯುವ ವಸ್ತುವೂ ಅಲ್ಲ, ಮಡಿಸಿಟ್ಟುಕೊಳ್ಳುವಂಥದು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಮೊಮ್ಮಗಳದು. ನೀರಿಗಿಳಿಯುವವರು ಗಂಡುಮಕ್ಕಳು, ಅಜ್ಜಿಯ ಪಕ್ಕದಲ್ಲೇ ಮಲಗಿ ಬೆಳೆದವಳು ಮೇಲಿನ ಮೆಟ್ಟಿಲಲ್ಲಿ ಚಪ್ಪಲಿ ಕಾಯಬೇಕು. ಅದರ ಮೇಲೆ, ಗಂಡನಿಗಿಂತ ಮೊದಲು ಹೋದ ಮುತ್ತೈದೆಗೆ ಪಿತೃಪಕ್ಷದಲ್ಲಿ ಅವಿಧವಾ ನವಮಿ ಎಂದು ಬೇರೆ ದಿನವೇ ಇದೆ. ವಿಧವೆಯಾಗಿ ಹತ್ತಾರು ವರ್ಷ ಮನೆ ನಡೆಸಿದ ಅಜ್ಜಿಗೆ ಅಂಥದ್ದಿಲ್ಲ. ಇದು ಅನ್ಯಾಯವೇ. ಆದರೆ ಇದೇ ಸೀಮೆಯ ಒಕ್ಕಲು ಮನೆಗಳ ಕಡೆ ನೋಡಿ. ಅಲ್ಲಿ ಹೂಳುವವರೇ ಹೆಚ್ಚು, ಅಸ್ಥಿಯ ಪ್ರಶ್ನೆ ಬರುವುದಿಲ್ಲ. ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬಕ್ಕೆ ಕಳಶದ ಮುಂದೆ ಹೊಸ ಸೀರೆ ಇಟ್ಟು, ಅಜ್ಜಿಗೆ ಇಷ್ಟವಾದ ಬಾಡಿನ ಸಾರು, ಎಲೆಅಡಿಕೆ, ಕಡ್ಡಿಪುಡಿಯನ್ನು ಎಡೆ ಇಡುತ್ತಾರೆ. ಕೆಂಡಕ್ಕೆ ಧೂಪ ಹಾಕುವಾಗ ಹೆಣ್ಣು ಗಂಡೆಂಬ ಭೇದವಿಲ್ಲ, ಕಂಕುಳ ಕೂಸಿನ ಕೈಯಲ್ಲೂ ಹಾಕಿಸುತ್ತಾರೆ. ಹಿರಿಯರು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬರುತ್ತಾರೆ. ಸಾರಿಗೆ ಉಪ್ಪು ಅವಳಿಗೆ ಎಷ್ಟು ಬೇಕಿತ್ತು ಎಂದು ಗೊತ್ತಿರುವುದು ಹೆಂಗಸರಿಗೇ. ಪಶ್ಚಿಮವಾಹಿನಿಯಲ್ಲಿ ಫೋನಿನ ಆ ತುದಿಯಲ್ಲಿ ಹೆಸರು ಹೇಳುವವಳೂ ಹೆಂಗಸೇ.

ಈ ಸಲ ಮಹಾಲಯ ಅಮಾವಾಸ್ಯೆಗೆ ಶ್ರೀರಂಗಪಟ್ಟಣಕ್ಕೆ ಹೋಗುವವರು ಹೆಸರನ್ನು ಮನೆಯಲ್ಲೇ ಕೇಳಿ, ಚೀಟಿಯಲ್ಲಿ ಬರೆದುಕೊಂಡು ಹೊರಡಿ. ಆ ದಿನ ದಂಡೆಯ ಗದ್ದಲದಲ್ಲಿ ಅತ್ತೆಯ ಮಾತು ಕೇಳಿಸುವುದಿಲ್ಲ.