ಕ್ಯಾಮೆರಾ ಕೆಟ್ಟಿದೆ ಅನ್ನೋ ಮುಂಚೆ ಮೂರು ಕೂಗು ಹಾಕಿ

ಈ ಸಲ ಬೆಳೆ ವಿಚಾರ ಅಲ್ಲ, ನೆಟ್‌ವರ್ಕ್ ವಿಚಾರ.

ನಮ್ಮ ಕಡೆ ತ್ರೀ ಫೇಸ್ ಬರೋದು ರಾತ್ರಿ. ಬೋರಲ್ಲಿ ನೀರಿಲ್ಲದೆ ಮೋಟರ್ ಓಡಿದ್ರೆ ಸುಟ್ಟ ಹಾಗೇ. ಪೈಪಿಂದ ನೀರು ಬೀಳ್ತಿದೆಯಾ ಅಂತ ಮನೆಯಿಂದಲೇ ನೋಡೋಕೆ ತೊಟ್ಟಿ ಹತ್ರ ಒಂದು ಕ್ಯಾಮೆರಾ ಹಾಕಿಸಿದ್ದೆ. ಅದು ಆಗಾಗ ಮಾಯ ಆಗೋದು. ಹಾಕಿದವರು ಬಂದು "ಕ್ಯಾಮೆರಾ ಹೋಗಿದೆ, ಹೊಸದು ಹಾಕ್ಬೇಕು" ಅಂದ್ರು. ದುಡ್ಡು ಬಿಚ್ಚೋ ಮುಂಚೆ ಇದರ ಮೂಲ ತಿಳ್ಕೊಳ್ಳೋಣ ಅಂತ ಒಂದು ವಾರ ಮಗಳ ಹತ್ರ ಪಾಠ ಹೇಳಿಸಿಕೊಂಡೆ.

ರೂಟರ್‌ಗೆ ಸೇರಿದ ಪ್ರತಿಯೊಂದಕ್ಕೂ ಒಂದು ಐಪಿ ವಿಳಾಸ ಇರುತ್ತೆ. ನಮ್ಮ ರೂಟರ್‌ದು 192.168.1.1, ಕ್ಯಾಮೆರಾದು 192.168.1.50. ಡೇಟಾ ಡ್ರಿಪ್ ನೀರಿನ ಥರ ಒಂದೇ ಧಾರೆಯಾಗಿ ಹರಿಯಲ್ಲ. ಬಸ್ಸಿಗೆ ಹಾಕಿದ ಪಾರ್ಸೆಲ್ ಥರ, ವಿಳಾಸ ಹೊತ್ತ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಹೋಗುತ್ತೆ. ಪಿಂಗ್ ಅಂದ್ರೆ ಆ ವಿಳಾಸಕ್ಕೆ ಒಂದು ಕೂಗು ಹಾಕೋದು. ತಿರುಗಿ "ಓ" ಅಂತ ಬಂದ್ರೆ ದಾರಿ ಸರಿ ಇದೆ.

ಲ್ಯಾಪ್‌ಟಾಪಲ್ಲಿ ಮೂರು ಕಡೆ ಕೂಗಿದೆ. ರೂಟರ್ ಓಗೊಡ್ತು. ಹೊರಗಿನ ಇಂಟರ್ನೆಟ್ ನೋಡೋಕೆ ಗೂಗಲ್‌ನವರ 8.8.8.8ಕ್ಕೆ ಕೂಗಿದೆ, ಅದೂ ಓಗೊಡ್ತು. ಕ್ಯಾಮೆರಾ ಮಾತ್ರ ನಾಲ್ಕರಲ್ಲಿ ಒಂದಕ್ಕೆ. ಅಂದ್ರೆ ತೊಂದರೆ ಮನೆಗೂ ತೊಟ್ಟಿಗೂ ಮಧ್ಯೆ. ಕ್ಯಾಮೆರಾ ಬಿಚ್ಚಿ ತಂದು ರೂಟರ್ ಪಕ್ಕದಲ್ಲೇ ಚಿಕ್ಕ ಕೇಬಲ್ಲಿಗೆ ಸಿಕ್ಕಿಸಿದ್ರೆ ನಾಲ್ಕಕ್ಕೆ ನಾಲ್ಕೂ ಉತ್ತರ! ಕ್ಯಾಮೆರಾ ಗಟ್ಟಿಮುಟ್ಟಾಗಿತ್ತು.

ಉಳಿದದ್ದು ಅವರು ಎಳೆದ ಲ್ಯಾನ್ ಕೇಬಲ್. ಟೇಪ್ ಹಿಡಿದು ಅಳೆದ್ರೆ 140 ಮೀಟರ್. ತಾಮ್ರದ ಲ್ಯಾನ್ ಕೇಬಲ್‌ಗೆ ಮಿತಿ 100 ಮೀಟರ್. ಅದು ದಾಟಿದ್ರೆ ಒಮ್ಮೆ ನಡೆಯುತ್ತೆ, ಒಮ್ಮೆ ಇಲ್ಲ. ಲ್ಯಾಟರಲ್ ಉದ್ದ ಜಾಸ್ತಿಯಾದ್ರೆ ಕೊನೇ ಗಿಡಕ್ಕೆ ನೀರು ಸರಿಯಾಗಿ ಸಿಗದ ಹಾಗೆ.

ಈಗ ಫೈಬರ್ ಎಳೆಸಿದೀನಿ, ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ, ಹಾಗಾಗಿ ತೋಟದಲ್ಲಿ ಸಿಡಿಲು ಹೊಡೆದ್ರೆ ಆ ದಾರೀಲಿ ಮನೆ ರೂಟರ್‌ಗೆ ಬರೋ ಭಯ ಇಲ್ಲ. ಆದ್ರೆ ಒಳಗೆ ಕಬ್ಬಿಣದ ತಂತಿ ಇಲ್ಲದ ಫೈಬರ್ ಕೇಳಿ ತಗೊಳ್ಳಿ. ಇನ್ನೊಂದು, ರೂಟರ್ ತಾನಾಗೇ ವಿಳಾಸ ಬದಲಾಯಿಸಬಹುದು. ಸೆಟ್ಟಿಂಗಲ್ಲಿ ಕ್ಯಾಮೆರಾ ವಿಳಾಸ ಕಾಯಂ ಮಾಡಿಡಿ, ಪಂಪ್‌ಹೌಸ್ ಗೋಡೆ ಮೇಲೂ ಬರೆದಿಡಿ.

ನಿಮ್ಮ ತೋಟದಲ್ಲೂ ಇಂಥದ್ದು ಕೈ ಕೊಡ್ತಿದ್ರೆ ಹೇಳಿ. ಲ್ಯಾಪ್‌ಟಾಪ್ ತಗೊಂಡು ಬರ್ತೀನಿ, ಹತ್ತು ನಿಮಿಷದ ಕೆಲಸ.