ನಾನೂ, ಕೊಲೆಗಳ ಲೆಕ್ಕವೂ

ಆಫೀಸು ಮುಗಿಸಿ ಬಂದವರು ಸಂಜೆ ಹೊತ್ತು ಕ್ರಿಕೆಟ್ ನೋಡ್ತಾರೆ, ಗಿಟಾರ್ ಕಲೀತಾರೆ. ನಾನು ಕೊಲೆ ಎಣಿಸ್ತೀನಿ. ಹೆದರಬೇಡಿ, ಸರ್ಕಾರಿ ಪಿಡಿಎಫ್‌ನಲ್ಲಿರುವ ಕೊಲೆಗಳು!

ಈ ಹುಚ್ಚು ಹತ್ತಿದ್ದು ತಂಗಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಾಗ. "ಕಾಲ ಕೆಟ್ಟುಹೋಗಿದೆ, ದಿನಾ ಟೀವೀಲಿ ನೋಡ್ತಿಲ್ವಾ? ಊರಲ್ಲೇ ಏನಾದ್ರೂ ನೋಡೋಣ" ಅಂತ ಅಪ್ಪ ತಕರಾರು ತೆಗೆದರು. ನಿಜಕ್ಕೂ ಎಷ್ಟು ಕೆಟ್ಟಿದೆ ನೋಡಿಯೇಬಿಡೋಣ ಅಂತ ಒಂದು ಶನಿವಾರ ಕೂತೆ. 1953ರಿಂದಲೂ 'ಕ್ರೈಂ ಇನ್ ಇಂಡಿಯಾ' ಎಂಬ ವಾರ್ಷಿಕ ವರದಿ ಬರುತ್ತಿದೆ. ಈಗ ಅದನ್ನು ತರುವುದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ಅದರ ಕೋಷ್ಟಕಗಳನ್ನು ಎಕ್ಸೆಲ್‌ಗೆ ಎಳೆಯುವಷ್ಟರಲ್ಲಿ ಎರಡು ವೀಕೆಂಡ್ ಹೋಯ್ತು.

ಮೊದಲು ಹಿಡಿದಿದ್ದು ಕೊಲೆಯ ಸಾಲು. ಹೆಣ ಮುಚ್ಚಿಡೋದು ಕಷ್ಟ ನೋಡಿ, ಹಾಗಾಗಿ ಉಳಿದ ಅಪರಾಧಗಳಿಗಿಂತ ಇದರ ಲೆಕ್ಕವನ್ನು ಹೆಚ್ಚು ನಂಬಬಹುದು. 2012ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣ 34,434. 2022ರಲ್ಲಿ 28,522. 2023ರಲ್ಲಿ 27,721. ಜನಸಂಖ್ಯೆ ಏರಿದೆ, ಕೊಲೆ ಇಳಿದಿದೆ. ಟೀವಿ ನೋಡಿದರೆ ಹೀಗನ್ನಿಸುತ್ತಾ?

ಅಪ್ಪನಿಗೆ ಗ್ರಾಫ್ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿ, "ಹೆಣ್ಣುಮಕ್ಕಳ ಸಾಲು ಎಲ್ಲಿ?" ಅಂದರು.

ಆ ಗೆರೆ ಬೇರೆ ಥರ. ಅತ್ಯಾಚಾರ ಪ್ರಕರಣಗಳು 2012ರಲ್ಲಿ 24,923 ಇದ್ದದ್ದು 2013ರಲ್ಲಿ 33,707. ಒಂದೇ ವರ್ಷದಲ್ಲಿ ಶೇಕಡಾ 35ರಷ್ಟು ಜಿಗಿತ! ಆದರೆ ಆ ನಡುವೆ ಏನೇನಾಯ್ತು ನೋಡಿ. 2012ರ ಡಿಸೆಂಬರಿನಲ್ಲಿ ದೆಹಲಿಯ ಆ ಘಟನೆ, ಬೀದಿಗಿಳಿದ ಜನ, 2013ರಲ್ಲಿ ಹೊಸ ಕಾನೂನು. ಅತ್ಯಾಚಾರದ ವ್ಯಾಖ್ಯೆ ದೊಡ್ಡದಾಯ್ತು. ಇಂಥ ದೂರು ಬರೆದುಕೊಳ್ಳದ ಪೊಲೀಸರಿಗೂ ಶಿಕ್ಷೆ ಅಂತಾಯ್ತು. ಹಾಗಾದರೆ ಹೆಚ್ಚಿದ್ದು ಅಪರಾಧವೋ, ಬಾಯಿಬಿಟ್ಟವರೋ? ಎರಡೂ ಇರಬಹುದು. ಗೆರೆ ಅದನ್ನು ಬಿಡಿಸಿ ಹೇಳೋದಿಲ್ಲ.

ಇನ್ನೊಂದು ತಮಾಷೆ ಕೇಳಿ. 2019ರಲ್ಲಿ ಸುಮಾರು 51.5 ಲಕ್ಷವಿದ್ದ ಒಟ್ಟು ಪ್ರಕರಣಗಳು 2020ರಲ್ಲಿ 66 ಲಕ್ಷಕ್ಕೇರಿದವು. ದೇಶವೆಲ್ಲಾ ಮನೆಯಲ್ಲಿ ಕೂತಿದ್ದ ವರ್ಷ! ಹೆಚ್ಚಿನ ಪಾಲು ಕೋವಿಡ್ ನಿಯಮ ಮುರಿದವರ ಮೇಲಿನ ಕೇಸುಗಳು.

ಇದನ್ನೆಲ್ಲ ವಿವರಿಸುತ್ತಿದ್ದಾಗ ಅಡುಗೆಮನೆಯಿಂದ ಅಮ್ಮ, "ನಮ್ಮ ಬೀದೀಲಿ ಗಂಡನ ಕೈಲಿ ಹೊಡೆತ ತಿಂದೋರು ಯಾರು ಸ್ಟೇಷನ್ನಿಗೆ ಹೋಗಿದ್ದಾರೋ? ಅವರು ನಿನ್ನ ಕಂಪ್ಯೂಟರಲ್ಲಿ ಎಲ್ಲಿದ್ದಾರೆ?" ಅಂದರು. ಅಪ್ಪ ಪೇಪರ್ ಮಡಚಿಟ್ಟರು. ನನ್ನ ಹತ್ತಿರ ಉತ್ತರವಿರಲಿಲ್ಲ. ಆದರೆ ಅಮ್ಮನ ಮಾತಿಗೆ ಪಕ್ಕದಲ್ಲಿಡಬಹುದಾದ ಒಂದು ಅಂಕಿ ಇತ್ತು: 2022ರ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಕಡೆ ಆರೋಪಿ ಪರಿಚಿತನೇ. ಮನೆಯವನು, ನೆಂಟ, ನೆರೆಯವನು, ಗೆಳೆಯ... ಅಪ್ಪನ ತಲೆಯಲ್ಲಿದ್ದದ್ದು ಬೆಂಗಳೂರಿನ ಕತ್ತಲೆ ಬೀದಿಯ ಅಪರಿಚಿತ. ಆ ಭಯ ಸುಳ್ಳಲ್ಲ. ಆದರೆ ಊರಲ್ಲೇ ಇದ್ದುಬಿಟ್ಟರೆ ಕ್ಷೇಮ ಅನ್ನೋದಕ್ಕೆ ಆಧಾರ ಸಿಗಲಿಲ್ಲ.

ತಂಗಿ ಕೆಲಸಕ್ಕೆ ಸೇರಿದಳು. ಅಪ್ಪ ಒಪ್ಪಿದ್ದು ನನ್ನ ಗ್ರಾಫಿಗಲ್ಲ ಬಿಡಿ, ಅವಳ ಹಠಕ್ಕೆ.

ನನ್ನ ಎಕ್ಸೆಲ್‌ನಲ್ಲಿ ಈಗ ಇನ್ನೊಂದು ಕಾಲಂ ಇದೆ: ಯಾವ ವರ್ಷ ಯಾವ ಕಾನೂನು ಬದಲಾಯ್ತು ಅಂತ. ಗೆರೆ ಏರಿದರೂ ಇಳಿದರೂ ಮೊದಲು ಅಲ್ಲಿ ನೋಡ್ತೀನಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕೊಲೆಯ 302 ಈಗ 103 ಆಗಿದೆ. ಮುಂದಿನ ಶನಿವಾರಗಳಿಗೂ ಕೆಲಸ ಸಿಕ್ಕಿತು ಅನ್ನಿ.